ಎಣಿಸುವುದು ಯಾರನ್ನು?

ವಿಶೇಷ ಅಗತ್ಯದ ಮಕ್ಕಳ ಶಿಕ್ಷಣಕ್ಕೆ ಬರುವ ಹಣದ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಒಬ್ಬ ತಾಯಿಯೋ ತಂದೆಯೋ ಎದ್ದು ಕೇಳುವ ಪ್ರಶ್ನೆ ಒಂದೇ: “ನನ್ನ ಮಗುವಿನ ಹೆಸರಲ್ಲಿ ಸರ್ಕಾರ ಶಾಲೆಗೆ ಹಣ ಕೊಡುತ್ತದಲ್ಲ, ಅದು ನನ್ನ ಮಗುವಿಗೇ ಖರ್ಚಾಯಿತು ಅಂತ ಹೇಗೆ ಗೊತ್ತಾಗಬೇಕು?” ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡ ಮನೆಗಳಲ್ಲೂ ಈ ಅನುಮಾನ ಇದ್ದೇ ಇದೆ. ಕೇಳುವವರ ಸಂಕಟ ನಿಜ. ಆದರೆ ಆ ಪ್ರಶ್ನೆ ನಿಂತಿರುವ ನೆಲ ಗಟ್ಟಿಯಿಲ್ಲ. ಅಮೆರಿಕದ ಬಹುತೇಕ ಕಡೆ ಆ ಹಣ ಮಗುವಿನ ಹೆಸರಲ್ಲಿ ಬರುವುದೇ ಇಲ್ಲ. ಹೆಸರಿಗೆ ಅಂಟಿಕೊಂಡಿರುವುದು ಹಕ್ಕು. ಹಣ ಬರುವುದು ಬೇರೊಂದು ಲೆಕ್ಕದಲ್ಲಿ. ಇವೆರಡನ್ನು ಬಿಡಿಸಿಟ್ಟುಕೊಂಡರೆ ಈ ಅಧ್ಯಾಯದ ಅರ್ಧ ಭಾಗ ಅರ್ಥವಾದಂತೆ.

ಮೊದಲು ಹಕ್ಕಿನ ಮಾತು ಮುಗಿಸಿಬಿಡೋಣ. 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಒಂದು ಕಾಯ್ದೆಗೆ ಸಹಿ ಹಾಕಿದರು. ಆಗ ಅಮೆರಿಕದಲ್ಲಿ ಅಂಗವೈಕಲ್ಯದ ಕಾರಣಕ್ಕೆ ಸಾರ್ವಜನಿಕ ಶಾಲೆಯಿಂದ ಪೂರ್ತಿ ಹೊರಗುಳಿದಿದ್ದ ಮಕ್ಕಳು ಹತ್ತು ಲಕ್ಷ ಎಂದು ಆ ಕಾಯ್ದೆಯ ಪೀಠಿಕೆಯೇ ಹೇಳುತ್ತದೆ. ಈಗ ಅದರ ಹೆಸರು ಐಡಿಇಎ. 3ರಿಂದ 21 ವರ್ಷದವರೆಗಿನ ಪ್ರತಿ ಅರ್ಹ ಮಗುವಿಗೂ ಉಚಿತವಾದ, ಆ ಮಗುವಿಗೆ ತಕ್ಕುದಾದ ಶಿಕ್ಷಣ ಕೊಡಬೇಕು. ಏನು ಕೊಡುತ್ತೇವೆ ಎಂಬುದನ್ನು ತಾಯ್ತಂದೆಯರ ಜೊತೆ ಕೂತು ಬರೆದಿಡಬೇಕು. ಆ ಬರಹವೇ ಐಇಪಿ, ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆ. 2022-23ರಲ್ಲಿ ಸುಮಾರು 75 ಲಕ್ಷ ಮಕ್ಕಳು ಈ ಕಾಯ್ದೆಯ ನೆರಳಿನಲ್ಲಿದ್ದರು, ಅಂದರೆ ಸಾರ್ವಜನಿಕ ಶಾಲೆಯ ಮಕ್ಕಳಲ್ಲಿ ಶೇ. 15. ಐಇಪಿಯಲ್ಲಿ ಬರೆದದ್ದನ್ನು ಶಾಲೆ ಕೊಡಲೇಬೇಕು. ಹಣ ಬಂದಿಲ್ಲ ಎಂಬ ಸಬೂಬು ಕಾನೂನಿನ ಮುಂದೆ ನಡೆಯುವುದಿಲ್ಲ.

ಹಾಗಾದರೆ ಹಣ? ಮೂರು ಕಡೆಯಿಂದ ಬರಬೇಕು: ಕೇಂದ್ರ, ರಾಜ್ಯ, ಶಾಲಾ ಜಿಲ್ಲೆ. (ಶಾಲಾ ಜಿಲ್ಲೆಯೆಂದರೆ ನಮ್ಮ ಕಂದಾಯ ಜಿಲ್ಲೆಯಲ್ಲ. ಒಂದು ಪಟ್ಟಣದಷ್ಟು ಚಿಕ್ಕದಿರಬಹುದು. ಸಾಮಾನ್ಯವಾಗಿ ಅದಕ್ಕೆ ಅದರದೇ ಚುನಾಯಿತ ಮಂಡಳಿ, ಅದರದೇ ಆಸ್ತಿ ತೆರಿಗೆಯ ವರಮಾನ.) ಕೇಂದ್ರ ಸರ್ಕಾರ 1975ರಲ್ಲೇ ಶೇ. 40ರ ಮಾತು ಕೊಟ್ಟಿತ್ತು. ವಿಶೇಷ ಶಿಕ್ಷಣದ ಖರ್ಚಿನಲ್ಲಿ ಶೇ. 40 ಎಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ದೇಶದಲ್ಲಿ ಒಂದು ಮಗುವಿಗೆ ತಗಲುವ ಸರಾಸರಿ ಶಾಲಾ ವೆಚ್ಚದ ಶೇ. 40ನ್ನು ಪ್ರತಿ ಅರ್ಹ ಮಗುವಿಗೂ ಕೊಡುತ್ತೇವೆ ಎಂಬುದು ಆ ಮಾತು. ಇತ್ತೀಚಿನ ವರ್ಷಗಳಲ್ಲಿ ಕೇಂದ್ರದಿಂದ ಬರುತ್ತಿರುವುದು ಶೇ. 15ಕ್ಕೂ ಕಡಿಮೆ. ಐವತ್ತು ವರ್ಷ ಕಳೆದರೂ ಆ ಮಾತು ಈಡೇರಿಲ್ಲ. ಹಾಗಾಗಿ ಭಾರವೆಲ್ಲ ರಾಜ್ಯ ಮತ್ತು ಶಾಲಾ ಜಿಲ್ಲೆಗಳ ಹೆಗಲ ಮೇಲೆ. ರಾಜ್ಯ ತನ್ನ ಪಾಲನ್ನು ಜಿಲ್ಲೆಗಳಿಗೆ ಹಂಚುವ ಸೂತ್ರವೇ ನಮ್ಮ ವಿಷಯ.

ಸೂತ್ರಗಳು ಹಲವು ಬಗೆ. ಹಲವು ರಾಜ್ಯಗಳಲ್ಲಿರುವುದು ತೂಕದ ಪದ್ಧತಿ: ಸಾಮಾನ್ಯ ಮಗುವನ್ನು 1 ಎಂದು ಎಣಿಸಿದರೆ, ಹೆಚ್ಚು ನೆರವು ಬೇಕಾದ ಮಗುವನ್ನು ಒಂದೂವರೆ, ಎರಡು, ನಾಲ್ಕು ಎಂದು ಎಣಿಸಿ ಅಷ್ಟು ಪಾಲು ಹಣ ಕೊಡುವುದು. ಕೆಲವು ರಾಜ್ಯಗಳಲ್ಲಿ ಈ ತೂಕ ವೈಕಲ್ಯದ ಹೆಸರಿನ ಮೇಲೆ ನಿಂತಿದೆ. ಫ್ಲೋರಿಡಾದಲ್ಲಿ ಅದು ಮಗುವಿಗೆ ಎಷ್ಟು ಸೇವೆ ಬೇಕು ಎಂಬುದರ ಮೇಲೆ ನಿಂತಿದೆ. ಎರಡನೆಯದು ನನಗೆ ಹೆಚ್ಚು ಒಪ್ಪಿಗೆ, ಏಕೆಂದರೆ ಆಟಿಸಂ ಎಂಬ ಒಂದೇ ಹೆಸರಿನ ಕೆಳಗೆ ಮಾತೇ ಬಾರದ ಮಗುವೂ ಇರುತ್ತದೆ, ಗಣಿತದಲ್ಲಿ ತರಗತಿಗೇ ಮುಂದಿರುವ ಮಗುವೂ ಇರುತ್ತದೆ. ಇನ್ನೊಂದು, ಮರುಪಾವತಿ: ಜಿಲ್ಲೆ ಮೊದಲು ಖರ್ಚು ಮಾಡಿ ಬಿಲ್ಲು ಕಳಿಸಬೇಕು, ರಾಜ್ಯ ಅದರಲ್ಲೊಂದು ಭಾಗ ಮರಳಿಸುತ್ತದೆ. ವಿಸ್ಕಾನ್ಸಿನ್‌ನಲ್ಲಿ ಆ ಭಾಗ 2023-24ರಲ್ಲಿ ಮೂರನೇ ಒಂದರ ಆಸುಪಾಸಿನಲ್ಲಿತ್ತು. ಮತ್ತೊಂದರಲ್ಲಿ ಮಕ್ಕಳ ಬದಲು ಶಿಕ್ಷಕರನ್ನು ಎಣಿಸುತ್ತಾರೆ, ಇಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕ ಎಂದು ಹುದ್ದೆಗಳಿಗೇ ಹಣ. ಇವೆಲ್ಲ ಕೇಳಿದ ಕೂಡಲೇ ಅರ್ಥವಾಗುವಂಥವು.

ಕೇಳಿದ ಕೂಡಲೇ ಅನ್ಯಾಯ ಅನ್ನಿಸುವ ಪದ್ಧತಿಯೊಂದಿದೆ. ಅದಕ್ಕೇ ಹೆಚ್ಚು ಹೊತ್ತು ಕೊಡಬೇಕು. ಅದನ್ನು ತಲೆಲೆಕ್ಕದ ಪದ್ಧತಿ ಎಂದು ಕರೆಯೋಣ. ಇದರಲ್ಲಿ ರಾಜ್ಯ ವಿಶೇಷ ಅಗತ್ಯದ ಮಕ್ಕಳನ್ನು ಎಣಿಸುವುದೇ ಇಲ್ಲ. ಶಾಲಾ ಜಿಲ್ಲೆಯ ಎಲ್ಲ ಮಕ್ಕಳನ್ನು ಎಣಿಸಿ, ತಲೆಗಿಷ್ಟು ಎಂದು ವಿಶೇಷ ಶಿಕ್ಷಣದ ಹಣ ಕೊಟ್ಟುಬಿಡುತ್ತದೆ. ಪೆನ್ಸಿಲ್ವೇನಿಯಾ 1991ರಲ್ಲಿ ಹೀಗೆ ಮಾಡಿತು: ಪ್ರತಿ ಜಿಲ್ಲೆಯಲ್ಲೂ ಶೇ. 16 ಮಕ್ಕಳಿಗೆ ವಿಶೇಷ ಶಿಕ್ಷಣ ಬೇಕೆಂದು ಅಂದಾಜಿಟ್ಟು ಹಣ ಹಂಚಿತು, ನಿಜವಾದ ಸಂಖ್ಯೆ ಎಷ್ಟೇ ಇರಲಿ. ಕ್ಯಾಲಿಫೋರ್ನಿಯಾ 1997ರಲ್ಲಿ ಎಬಿ 602 ಎಂಬ ಕಾನೂನಿನ ಮೂಲಕ ಇದೇ ದಾರಿ ಹಿಡಿಯಿತು. ನ್ಯೂಜೆರ್ಸಿಯ 2008ರ ಕಾನೂನಿನಲ್ಲೂ ಇದೇ ತಿರುಳಿತ್ತು.

“ಕಾಲು ಚೆನ್ನಾಗಿರುವವರನ್ನೂ ಎಣಿಸಿ ಊರುಗೋಲಿನ ಹಣ ಕೊಟ್ಟ ಹಾಗಾಯಿತಲ್ಲ?” ಎಂದು ಕೇಳುವವರ ಮುಂದೆ ನಾನೊಂದು ಲೆಕ್ಕ ಇಡುತ್ತೇನೆ. ಕಲ್ಪನೆಯ ಎರಡು ಶಾಲಾ ಜಿಲ್ಲೆಗಳಿವೆ, ಒಂದೊಂದರಲ್ಲಿ 1,000 ಮಕ್ಕಳು. ಮೊದಲನೆಯದರಲ್ಲಿ ಗುರುತಿಸಿದ ವಿಶೇಷ ಅಗತ್ಯದ ಮಕ್ಕಳು 100, ಎರಡನೆಯದರಲ್ಲಿ 150. ಗುರುತಿಸಿದ ಪ್ರತಿ ಮಗುವಿಗೆ 4,000 ಡಾಲರ್ ಕೊಟ್ಟರೆ ಮೊದಲನೆಯದಕ್ಕೆ 4 ಲಕ್ಷ, ಎರಡನೆಯದಕ್ಕೆ 6 ಲಕ್ಷ. ಒಟ್ಟು 10 ಲಕ್ಷ. ಅದೇ 10 ಲಕ್ಷವನ್ನು ತಲೆಲೆಕ್ಕದಲ್ಲಿ ಹಂಚಿದರೆ 2,000 ಮಕ್ಕಳಿಗೆ ತಲಾ 500, ಎರಡೂ ಜಿಲ್ಲೆಗೆ ಐದೈದು ಲಕ್ಷ. ಎರಡನೆಯ ಜಿಲ್ಲೆ ಒಂದು ಲಕ್ಷ ಕಳೆದುಕೊಂಡಿತು. ಇಲ್ಲಿಗೆ ನಿಲ್ಲಿಸಿದರೆ ಅನ್ಯಾಯವೇ.

ಮುಂದಿನ ವರ್ಷಕ್ಕೆ ಹೋಗೋಣ. ಮೊದಲ ಜಿಲ್ಲೆಯ ಶಿಕ್ಷಕರು ಒಂದು ಒಳ್ಳೆಯ ಕೆಲಸ ಮಾಡಿದರು. ಅಕ್ಷರ ಕೂಡಿಸಿ ಓದಲು ತಡವರಿಸುತ್ತಿದ್ದ ಮಕ್ಕಳನ್ನು ಒಂದನೇ ತರಗತಿಯಲ್ಲೇ ಹಿಡಿದು, ದಿನಕ್ಕೆ ಅರ್ಧ ಗಂಟೆ ಜೊತೆಗೆ ಕೂರಿಸಿಕೊಂಡು ಓದಿಸಿದರು. ಹತ್ತು ಮಕ್ಕಳಿಗೆ ಮುಂದೆ ಕಲಿಕಾ ನ್ಯೂನತೆಯ ಹಣೆಪಟ್ಟಿಯೇ ಬೇಕಾಗಲಿಲ್ಲ. ಗುರುತಿಸಿದ ಮಗುವಿಗಿಷ್ಟು ಎಂಬ ಸೂತ್ರವಿದ್ದರೆ ಆ ಜಿಲ್ಲೆಗೆ 40,000 ಡಾಲರ್ ನಷ್ಟ. ಓದಲು ಕಲಿಸಿದ್ದಕ್ಕೆ ದಂಡ ತೆತ್ತ ಹಾಗೆ! ತಲೆಲೆಕ್ಕದಲ್ಲಿ ಅದು ಒಂದು ಡಾಲರನ್ನೂ ಕಳೆದುಕೊಳ್ಳುವುದಿಲ್ಲ. ಎರಡನೆಯ ಜಿಲ್ಲೆ ಹತ್ತು ಮಕ್ಕಳನ್ನು ಹೊಸದಾಗಿ ಪಟ್ಟಿಗೆ ಸೇರಿಸಿದರೆ? ಅದಕ್ಕೆ ಹೆಚ್ಚಿಗೆ ಏನೂ ಸಿಗುವುದಿಲ್ಲ. ಪಟ್ಟಿಗೂ ಹಣಕ್ಕೂ ಇರುವ ಗಂಟನ್ನು ಬಿಚ್ಚುವುದೇ ಈ ಪದ್ಧತಿಯ ಉದ್ದೇಶ. ಪ್ರತಿ ಸಲ ಇದನ್ನು ಹಲಗೆಯ ಮೇಲೆ ಬರೆದು ತೋರಿಸುವಾಗ ಕೇಳುವವರ ಮುಖದಲ್ಲಿ ಅರ್ಥವಾದ ಕ್ಷಣ ಕಾಣುತ್ತದೆ. ಈ ವಿಷಯವನ್ನು ನಾನು ಇಷ್ಟು ವರ್ಷ ಬಿಡದೆ ಹಿಡಿದಿರುವುದಕ್ಕೆ ಅದೂ ಒಂದು ಕಾರಣ.

ವರ್ಮಾಂಟ್ 2018ರಲ್ಲಿ ಮರುಪಾವತಿ ಬಿಟ್ಟು ತಲೆಲೆಕ್ಕಕ್ಕೆ ಬರಲು ನಿರ್ಧರಿಸಿದ್ದರ ಹಿಂದೆಯೂ ಇಂಥದೇ ತೊಡಕಿತ್ತು. ಬಿಲ್ಲು ಕಳಿಸಬೇಕೆಂದರೆ ವಿಶೇಷ ಶಿಕ್ಷಕರ ಸಮಯದ ಲೆಕ್ಕ ಬರೆದಿಡಬೇಕು. ಐಇಪಿ ಇರುವ ಮಗುವಿನ ಪಕ್ಕದಲ್ಲೇ ಕೂತು ಅದೇ ಪಾಠಕ್ಕೆ ಪರದಾಡುವ ಇನ್ನೊಂದು ಮಗುವಿಗೆ ಕೈಜೋಡಿಸಿದರೆ ಆ ಲೆಕ್ಕ ಕೆಡುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇದರ ಗಾಯವನ್ನೂ ತೋರಿಸಬೇಕು. ತಲೆಲೆಕ್ಕ ನಿಂತಿರುವುದು ವಿಶೇಷ ಅಗತ್ಯದ ಮಕ್ಕಳು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಹರಡಿರುತ್ತಾರೆ ಎಂಬ ಊಹೆಯ ಮೇಲೆ. ಓದಿನ ತೊಡಕಿನಂಥ ಸಾಮಾನ್ಯ ಸಂಗತಿಗಳಿಗೆ, ದೊಡ್ಡ ಜಿಲ್ಲೆಗಳಲ್ಲಿ, ಇದು ತಕ್ಕಮಟ್ಟಿಗೆ ಒಪ್ಪುತ್ತದೆ. ಆದರೆ ಉಸಿರಾಟದ ಯಂತ್ರದ ಜೊತೆ ಶಾಲೆಗೆ ಬರುವ, ಇಡೀ ದಿನ ನರ್ಸ್ ಬೇಕಾದ ಮಗು ಹಾಗೆ ಸಮನಾಗಿ ಹರಡಿರುವುದಿಲ್ಲ. ಒಳ್ಳೆಯ ಆಸ್ಪತ್ರೆಯಿರುವ ಊರಿಗೆ ಅಂಥ ಕುಟುಂಬಗಳು ವಲಸೆ ಬರುತ್ತವೆ. ಮುನ್ನೂರು ಮಕ್ಕಳ ಹಳ್ಳಿ ಜಿಲ್ಲೆಗೆ ಅಂಥ ಎರಡು ಮಕ್ಕಳು ಬಂದರೆ ವರ್ಷದ ಬಜೆಟ್ಟೇ ಅಲುಗುತ್ತದೆ. ಹಕ್ಕು ಹಾಗೇ ಇರುವುದರಿಂದ ಕೊರತೆಯನ್ನು ಜಿಲ್ಲೆ ತನ್ನ ಸಾಮಾನ್ಯ ನಿಧಿಯಿಂದ ತುಂಬಲೇಬೇಕು. ಇದಕ್ಕೆ ಕ್ಯಾಲಿಫೋರ್ನಿಯಾದ ಶಾಲಾ ಲೆಕ್ಕಿಗರು ಬಳಸುವ ಪದವನ್ನು ಕನ್ನಡಕ್ಕೆ ತಂದರೆ ‘ಒತ್ತುವರಿ’ ಎಂದೇ ಆಗುತ್ತದೆ, ನಮ್ಮಲ್ಲಿ ಕೆರೆ ಅಂಗಳಕ್ಕೆ, ಗೋಮಾಳಕ್ಕೆ ಹೇಳುವ ಅದೇ ಮಾತು. ಆ ಪದ ನನಗೆ ನೋವು ತರುತ್ತದೆ. ಕಾನೂನು ಕೊಟ್ಟದ್ದನ್ನು ಪಡೆಯುವ ಮಗುವನ್ನು ಬೇರೆಯವರ ಜಮೀನಿಗೆ ಬೇಲಿ ಹಾಕಿದವರಂತೆ ಕಾಣಿಸುತ್ತದೆ ಅದು. ಮಾತು ಕೊಟ್ಟು ಕೈಕಟ್ಟಿ ಕೂತದ್ದು ಕೇಂದ್ರ, ಹೆಸರು ಕೆಡುವುದು ಮಗುವಿನದು.

ಗಾಯಕ್ಕೆ ಮದ್ದೂ ಉಂಟು. ಮ್ಯಾಸಚೂಸೆಟ್ಸ್‌ನಲ್ಲಿ ಮೂಲ ಹಣ ತಲೆಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಯಾವುದೇ ಮಗುವಿನ ಖರ್ಚು ರಾಜ್ಯದ ಸರಾಸರಿ ಮೂಲ ವೆಚ್ಚದ ನಾಲ್ಕು ಪಟ್ಟು ದಾಟಿದರೆ, ಅದರಿಂದಾಚೆಗಿನ ಹಣದಲ್ಲಿ ಶೇ. 75ರವರೆಗೆ ರಾಜ್ಯ ಕೊಡುತ್ತದೆ. ಇದನ್ನು ‘ಸರ್ಕ್ಯೂಟ್ ಬ್ರೇಕರ್’ ಎನ್ನುತ್ತಾರೆ. ಮನೆಯಲ್ಲಿ ಲೋಡು ಮಿತಿ ಮೀರಿದಾಗ ಎಂಸಿಬಿ ಬಿದ್ದು ವೈರು ಸುಡದಂತೆ ಕಾಯುವ ಹಾಗೆ, ಒಂದು ಮಗುವಿನ ಖರ್ಚು ಇಡೀ ಜಿಲ್ಲೆಯನ್ನು ಸುಡದಂತೆ ಇದು ಕಾಯುತ್ತದೆ. ಪೆನ್ಸಿಲ್ವೇನಿಯಾ ಬೇರೆ ದಾರಿ ಹಿಡಿಯಿತು. ಶೇ. 16ರ ಊಹೆ ನಿಜಕ್ಕೆ ದೂರವಾದಾಗ, 2014ರ ಕಾನೂನಿನಲ್ಲಿ ಮಕ್ಕಳನ್ನು ವೆಚ್ಚದ ಮೂರು ಮೆಟ್ಟಿಲಾಗಿ ಎಣಿಸಲು ಶುರುಮಾಡಿತು. ಆದರೆ ಹೊಸದಾಗಿ ಸೇರುವ ಹಣಕ್ಕೆ ಮಾತ್ರ ಈ ಸೂತ್ರ. ಹಳೆಯದು ಹಳೆಯ ದಾರಿಯಲ್ಲೇ ಹರಿಯುತ್ತಿದೆ.

ಹಣಕ್ಕೂ ಸರ್ಕಾರದ ಅಳತೆಗೋಲಿಗೂ ಪಟ್ಟಿಯೊಂದಿಗೆ ನಂಟಿರುವುದು ನಿಜವೇ ಎಂದು ಕೇಳುವವರಿಗೆ ಟೆಕ್ಸಾಸ್ ಉತ್ತರ ಕೊಡುತ್ತದೆ, ಅದೂ ಎರಡು ಸಲ. ಅರ್ಥಶಾಸ್ತ್ರಜ್ಞೆ ಜೂಲಿ ಬೆರಿ ಕಲನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1990ರ ದಶಕದಲ್ಲಿ ಅಲ್ಲಿ ವಿಶೇಷ ಶಿಕ್ಷಣದ ಪಟ್ಟಿ ಬೆಳೆದದ್ದರಲ್ಲಿ ಶೇ. 40ರ ಹತ್ತಿರದಷ್ಟಕ್ಕೆ ಹಣದ ಸೆಳೆತವೇ ಕಾರಣವೆಂದು ತೋರಿಸಿದರು. ಇಲ್ಲಿ ಎಚ್ಚರ ಬೇಕು. ಶಾಲೆಗಳು ಸುಳ್ಳು ಪಟ್ಟಿ ಬರೆದವು ಎಂದು ಇದರಿಂದ ತೀರ್ಮಾನಿಸಬಾರದು. ಮೊದಲು ಯಾರ ಕಣ್ಣಿಗೂ ಬೀಳದೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಗುವನ್ನು ಪರೀಕ್ಷೆ ಮಾಡಿಸಲು ಹಣವೇ ದಾರಿ ಮಾಡಿಕೊಟ್ಟಿರಬಹುದು. ಆ ಶೇ. 40ರಲ್ಲಿ ಅಂಥ ಮಕ್ಕಳೆಷ್ಟು, ಬೇಡದ ಹಣೆಪಟ್ಟಿ ಹೊತ್ತವರೆಷ್ಟು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಎರಡನೆಯ ಸಲದ ಕಥೆ ಕರಾಳ. 2004ರಲ್ಲಿ ಟೆಕ್ಸಾಸ್ ಶಿಕ್ಷಣ ಇಲಾಖೆ ಜಿಲ್ಲೆಗಳ ತಪಾಸಣೆಗೆ ಒಂದು ಗುರಿ ಇಟ್ಟಿತು: ವಿಶೇಷ ಶಿಕ್ಷಣದಲ್ಲಿರುವವರು ಶೇ. 8.5 ಮೀರದಿದ್ದರೆ ಒಳ್ಳೆಯದು. ಇದು ಹಣದ ಸೂತ್ರವಲ್ಲ, ಅಂಕ ಕೊಡುವ ಅಳತೆಗೋಲು ಅಷ್ಟೇ. ಆದರೂ ಶೇ. 11ಕ್ಕಿಂತ ಮೇಲಿದ್ದ ಪ್ರಮಾಣ ಹತ್ತು ಹನ್ನೊಂದು ವರ್ಷಗಳಲ್ಲಿ ಇಳಿದಿಳಿದು ಶೇ. 8.5ರ ಹತ್ತಿರವೇ ಬಂದು ನಿಂತಿತು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಇದನ್ನು ಬಯಲಿಗೆಳೆಯಿತು. ಮರುವರ್ಷ ಶಾಸನಸಭೆ ಇಂಥ ಮಿತಿಯನ್ನೇ ನಿಷೇಧಿಸಿತು. 2018ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಇಲಾಖೆ, ಟೆಕ್ಸಾಸ್ ಕಾಯ್ದೆ ಮುರಿದಿದೆ ಎಂದು ತೀರ್ಪಿತ್ತಿತು. ಅಷ್ಟು ವರ್ಷ ನೆರವು ಸಿಗದ ಮಕ್ಕಳ ಶಾಲಾ ವಯಸ್ಸನ್ನು ಯಾವ ತೀರ್ಪೂ ಮರಳಿಸಲಾರದು.

ಈ ಲೆಕ್ಕಗಳನ್ನು ಓದುವಾಗ ನಮ್ಮ ತಾಲ್ಲೂಕುಗಳು ನೆನಪಾಗದೆ ಇರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಪ್ರತಿ ಮಗುವಿಗೆ ವರ್ಷಕ್ಕೆ ಗರಿಷ್ಠ 3,500 ರೂಪಾಯಿಯ ಮಾನದಂಡವಿದೆ. ಮೇಲಿನ ಪರಿಭಾಷೆಯಲ್ಲಿ ಹೇಳಬೇಕೆಂದರೆ ಇದು ಒಂದೇ ತೂಕದ ಪದ್ಧತಿ. ದಪ್ಪ ಕನ್ನಡಕ ಬೇಕಾದ ಮಗುವಿಗೂ, ಹಾಸಿಗೆ ಬಿಟ್ಟು ಏಳಲಾರದೆ ಮನೆಯಲ್ಲೇ ಪಾಠ ಹೇಳಿಸಿಕೊಳ್ಳುವ ಮಗುವಿಗೂ ಮಿತಿ ಅದೇ. 2021ರಲ್ಲಿ ಸುಪ್ರೀಂ ಕೋರ್ಟ್, ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದಿತು. ಅದು ಶಿಕ್ಷಕರನ್ನು ಎಣಿಸುವ ಪದ್ಧತಿ. ಎರಡು ಸೂತ್ರಗಳು ಅಕ್ಕಪಕ್ಕದಲ್ಲಿ ನಿಂತಿವೆ. ಅವು ಒಂದಕ್ಕೊಂದು ಹೇಗೆ ಕೂಡಿಕೊಳ್ಳಬೇಕು ಎಂಬ ಚರ್ಚೆ ಕನ್ನಡದಲ್ಲಿ ಇನ್ನೂ ನಡೆಯಬೇಕಿದೆ.

ಅರ್ಥಶಾಸ್ತ್ರವನ್ನೋ ಶಿಕ್ಷಣವನ್ನೋ ಓದುತ್ತಿರುವ ಎಳೆಯರಲ್ಲಿ ನನ್ನ ಕೋರಿಕೆ ಇಷ್ಟು. ಒಂದು ತಾಲ್ಲೂಕು ಆರಿಸಿಕೊಳ್ಳಿ. ಅಲ್ಲಿನ ಬಿಐಇಆರ್‌ಟಿಗಳ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರ ಜೊತೆ ಒಂದು ತಿಂಗಳು ಓಡಾಡಿ. ಮನೆಗೆ ಹೋಗಿ ಪಾಠ ಹೇಳುವ ಮಕ್ಕಳು ಎಷ್ಟು, ದಿನಕ್ಕೆ ಎಷ್ಟು ಕಿಲೋಮೀಟರ್, ಯಾವ ಮಗುವಿನ ಬಳಿ ಎಷ್ಟು ಹೊತ್ತು ಎಂದು ಬರೆದಿಡಿ. ಗಾಲಿಕುರ್ಚಿ ಕೆಟ್ಟಾಗ ರಿಪೇರಿಗೆ ಯಾರು ದುಡ್ಡು ಕೊಟ್ಟರು, ಶ್ರವಣ ಸಾಧನದ ಬ್ಯಾಟರಿ ಎಷ್ಟು ದಿನಕ್ಕೆ ಮುಗಿಯಿತು, ಆಮೇಲೆ ಏನಾಯಿತು ಎಂದು ಕೇಳಿ. ಪಟ್ಟಿಯಲ್ಲಿಲ್ಲದೆ ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳ ಬಗ್ಗೆ ತರಗತಿಯ ಶಿಕ್ಷಕರನ್ನು ವಿಚಾರಿಸಿ. ಆ ನೋಟ್‌ಬುಕ್ ತುಂಬಿದ ಮೇಲೆ 3,500 ಎಂಬ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ.