ತೋಳಿನ ಮೇಲಿನ ಮುದ್ರೆ

ಕಂಪ್ಲಿ, ಹೊಸಪೇಟೆ, ಸಂಡೂರುಗಳ ಹಳೆಯ ಮನೆಗಳಲ್ಲಿ ಅರುವತ್ತು ದಾಟಿದ ಹಿರಿಯರ ತೋಳನ್ನು ನೋಡಿದರೆ, ಅಲ್ಲಿ ಕಾಸಿನಗಲದ ಗುಂಡನೆಯ ಕಲೆಯೊಂದು ಕಾಣುವುದುಂಟು. ಕೇಳಿದರೆ, “ಚಿಕ್ಕಂದಿನಲ್ಲಿ ದೇವಿ ಹಾಕಿಸಿದ್ದು” ಎನ್ನುತ್ತಾರೆ. ಸಿಡುಬಿನ ಲಸಿಕೆಗೆ ಜನರ ಬಾಯಲ್ಲಿದ್ದ ಹೆಸರು ಅದು. ರೋಗವೂ ದೇವಿ, ರೋಗವನ್ನು ತಡೆಯುವ ಮದ್ದೂ ದೇವಿ! ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತೇ ಆ ಮಹಾಮಾರಿಯಿಂದ ಮುಕ್ತವಾಯಿತೆಂದು ಸಾರಿತು. ಒಂದು ಕಾಲದಲ್ಲಿ ಕಡಲು ದಾಟಬೇಕೆಂದವರು ಆ ಲಸಿಕೆಯ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದೇ ಹೋಗಬೇಕಾಗಿತ್ತು. ಇಂದು ಅದನ್ನು ಕೇಳುವವರಿಲ್ಲ. ಆದರೆ ಬೇರೆ ಹತ್ತು ಲಸಿಕೆಗಳನ್ನು ಕೇಳುವವರಿದ್ದಾರೆ.

ಕಂಪ್ಲಿಯ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಮಗ ಅಮೆರಿಕೆಯಲ್ಲಿ ನೆಲೆಸಿ, ಅಲ್ಲಿಯ ಪೌರತ್ವವನ್ನೂ ಪಡೆದಿದ್ದಾನೆ. ಗಂಡನನ್ನು ಕಳೆದುಕೊಂಡು ಒಂಟಿಯಾದ ತಾಯಿಯನ್ನು ತನ್ನಲ್ಲಿಗೆ ಕರೆಸಿಕೊಳ್ಳಬೇಕೆಂಬ ಹಂಬಲ ಅವನಿಗೆ. ಆರು ತಿಂಗಳ ಮಟ್ಟಿಗೆ ಹೋಗಿ ಬರುವ ಪ್ರವಾಸಿ ವೀಸಾಕ್ಕಾದರೆ ಇಂಥ ವೈದ್ಯಕೀಯ ಪರೀಕ್ಷೆಯ ಕಟ್ಟಳೆ ಸಾಮಾನ್ಯವಾಗಿ ಇಲ್ಲ. ಖಾಯಮ್ಮಾಗಿ ನೆಲೆಸಲು ಬೇಕಾದ ವಲಸೆ ವೀಸಾಕ್ಕೆ ಮಾತ್ರ ಅದು ತಪ್ಪದು. ಒಂದು ಸಂಜೆ ಸೊಸೆ ದೂರವಾಣಿಯಲ್ಲಿ ಕೇಳುತ್ತಾಳೆ: “ಅತ್ತೆ, ನಿಮಗೆ ಯಾವ ಯಾವ ಲಸಿಕೆ ಹಾಕಿಸಿದ್ದಾರೆ? ಚೀಟಿ ಏನಾದರೂ ಇದೆಯೇ?”

“ಯಾರಿಗೆ ಗೊತ್ತಮ್ಮಾ! ದೇವಿ ಹಾಕಿಸಿದ್ದೊಂದು ನೆನಪು. ದಡಾರ ಬಂದಿತ್ತಂತೆ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರಂತೆ.”

ಆ ತಲೆಮಾರಿನ ಆರೋಗ್ಯದ ಚರಿತ್ರೆಯೆಲ್ಲ ಇಂಥ ‘ಅಂತೆ’ಗಳಲ್ಲಿಯೇ ಅಡಗಿದೆ. ಕಾಯಿದೆಗೆ ‘ಅಂತೆ’ ಸಾಲದು, ಬರಹ ಬೇಕು.

ಬಾಗಿಲಲ್ಲಿ ನಿಂತ ವೈದ್ಯ

ಪರದೇಶದವನನ್ನು ಬಾಗಿಲಲ್ಲಿ ತಡೆದು ಆರೋಗ್ಯವನ್ನು ವಿಚಾರಿಸುವ ವಾಡಿಕೆ ಇಂದಿನದಲ್ಲ. 1377ರಲ್ಲಿ, ಎಂದರೆ ವಿಜಯನಗರದಲ್ಲಿ ಬುಕ್ಕರಾಯನ ಕಾಲ ಮುಗಿದು ಇಮ್ಮಡಿ ಹರಿಹರನು ಸಿಂಹಾಸನವನ್ನೇರಿದ ವರ್ಷದಲ್ಲಿಯೇ, ಏಡ್ರಿಯಾಟಿಕ್ ಕಡಲ ದಡದ ರಗೂಸಾ ಪಟ್ಟಣವು ಪ್ಲೇಗಿನ ನಾಡುಗಳಿಂದ ಬಂದವರು ಮೂವತ್ತು ದಿನ ಹೊರಗೆ ಉಳಿದು ಅನಂತರ ಊರೊಳಗೆ ಬರಬೇಕೆಂದು ವಿಧಿಸಿತು. ಆ ಮೂವತ್ತು ಮುಂದೆ ನಲವತ್ತಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕಿರುವ ಮಾತಿನಿಂದಲೇ ‘ಕ್ವಾರಂಟೈನ್’ ಎಂಬ ಶಬ್ದ ಹುಟ್ಟಿತು.

ಲಸಿಕೆ ಬಂದದ್ದು ಬಹಳ ತಡವಾಗಿ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಸಿಡುಬಿಗೆ ಗೋವಿನ ಸಿಡುಬಿನ ಮದ್ದನ್ನು ಪರೀಕ್ಷಿಸಿದ್ದು 1796ರಲ್ಲಿ. ಭಾರತದಲ್ಲಿ ಅದನ್ನು ಮೊದಲು ಹಾಕಿದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ ಒಂದು ಎಳೆಯ ಹೆಣ್ಣುಮಗುವಿಗೆ. ಅದಾದ ಕೆಲವೇ ವರ್ಷಗಳಲ್ಲಿ ಮೈಸೂರಿನ ಅರಮನೆಯೂ ಅದನ್ನು ಒಪ್ಪಿಕೊಂಡಿತು. ಚಿತ್ರಕಾರ ಥಾಮಸ್ ಹಿಕಿಯು 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಸೆರಗನ್ನು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾರೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯ. ರಾಣಿಯೇ ತೋಳು ತೋರಿಸಿದ ಮೇಲೆ ಪ್ರಜೆಗಳ ಅಂಜಿಕೆ ತುಸುವಾದರೂ ಕಡಿಮೆಯಾಗದಿರುವುದೇ?

ಅಮೆರಿಕೆಯು ಅಂಟುರೋಗಿಗಳನ್ನು ಹೊರಗಿಡಲು 1891ರಲ್ಲಿ ಕಾಯಿದೆ ಮಾಡಿತು. ಮರುವರ್ಷ ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ತಪಾಸಣೆಯ ಠಾಣೆ ತೆರೆಯಿತು. ಪಶ್ಚಿಮದ ಕಡಲ ದಡದಲ್ಲಿ, ಸಾನ್‌ಫ್ರಾನ್ಸಿಸ್ಕೋದ ಏಂಜಲ್ ದ್ವೀಪದ ಠಾಣೆ 1910ರಲ್ಲಿ ಆರಂಭವಾಯಿತು. ಅಲ್ಲಿಗೆ ಹೋದ ಭಾರತೀಯರಲ್ಲಿ ಅನೇಕರನ್ನು ಕೊಕ್ಕೆಹುಳುವಿನ ನೆಪದಿಂದ ಬಂದ ಹಡಗಿನಲ್ಲಿಯೇ ಹಿಂದಕ್ಕೆ ಕಳುಹಿಸಿದರು. ಕೊಕ್ಕೆಹುಳು ಸುಲಭವಾಗಿ ಗುಣವಾಗುವ ಬೇನೆ. ಬೇಡವಾದ ಅತಿಥಿಗೆ ವೈದ್ಯನ ಬಾಯಿಂದ ‘ಇಲ್ಲ’ ಎನ್ನಿಸುವ ಉಪಾಯವೂ ಆ ಪರೀಕ್ಷೆಯಲ್ಲಿ ಸೇರಿಕೊಂಡಿತ್ತೆಂಬುದನ್ನು ಮರೆಯುವಂತಿಲ್ಲ. 1924ರ ಕಾಯಿದೆಯ ಬಳಿಕ ತಪಾಸಣೆ ಕ್ರಮೇಣ ಹೊರಡುವ ದೇಶಕ್ಕೇ ವರ್ಗವಾಯಿತು. ಅಷ್ಟರಮಟ್ಟಿಗೆ ಕಡಲು ದಾಟಿ ಹೋಗಿ ಹಿಂದಿರುಗುವ ದುಃಖ ತಪ್ಪಿತು.

ಪಟ್ಟಿಯಲ್ಲಿ ಇರುವುದೇನು?

ಲಸಿಕೆಗಳನ್ನು ಹಾಕಿಸಿಕೊಂಡಿರಲೇಬೇಕೆಂಬ ವಿಧಿ ಅಮೆರಿಕೆಯ ವಲಸೆ ಕಾಯಿದೆಯಲ್ಲಿ ಸೇರಿದ್ದು 1996ರಲ್ಲಿ. ಮಂಗನಬಾವು, ದಡಾರ, ರುಬೆಲ್ಲಾ, ಪೋಲಿಯೋ, ಧನುರ್ವಾಯು, ಗಂಟಲುಮಾರಿ, ನಾಯಿಕೆಮ್ಮು, ಹಿಬ್, ಹೆಪಟೈಟಿಸ್-ಬಿ ಇವುಗಳ ಹೆಸರನ್ನು ಕಾಯಿದೆಯೇ ಹೇಳುತ್ತದೆ. ಸೀತಾಳೆ ಸಿಡುಬು, ಚಳಿಗಾಲದ ಫ್ಲೂ ಮುಂತಾದುವು ತಜ್ಞರ ಸಲಹೆಯಿಂದ ಕೂಡಿಕೊಂಡವು. ಎಲ್ಲವೂ ಎಲ್ಲರಿಗೂ ಬೇಕಾಗಿಲ್ಲ, ವಯಸ್ಸಿಗೆ ತಕ್ಕಷ್ಟೆ. ಹಿಬ್ ಲಸಿಕೆ ಐದು ವರ್ಷದೊಳಗಿನ ಮಕ್ಕಳದು. 1957ಕ್ಕೆ ಮುಂಚೆ ಹುಟ್ಟಿದವರಿಗೆ ದಡಾರದ ಲಸಿಕೆಯ ಬಲವಂತವಿಲ್ಲ. ಆ ಕಾಲದಲ್ಲಿ ದಡಾರ ಬಾರದ ಮಗುವೇ ಅಪರೂಪವಾದ್ದರಿಂದ ಅವರಿಗೆ ರಕ್ಷಣೆ ತಾನಾಗಿಯೇ ಬಂದಿದೆಯೆಂದು ಭಾವಿಸುತ್ತಾರೆ.

ಇಲ್ಲಿ ನಮ್ಮ ಕಡೆಯ ಹಿರಿಯರಿಗೆ ಒಂದು ತೊಡಕುಂಟು. ಬಹುಮಂದಿಯ ಹುಟ್ಟಿದ ದಿನವನ್ನು ಶಾಲೆಗೆ ಸೇರಿಸುವಾಗ ಮೇಷ್ಟರೇ ಅಂದಾಜಿನಿಂದ ಬರೆದುಕೊಂಡದ್ದು, ಅದೂ ಜೂನ್ 1ನೆಯ ತಾರೀಖಿಗೆ! ಆದರೆ ವೈದ್ಯರು ನೋಡುವುದು ಪಾಸ್‌ಪೋರ್ಟಿನಲ್ಲಿ ಅಚ್ಚಾದ ದಿನವನ್ನೇ ಹೊರತು ಅಜ್ಜಿಯ ನೆನಪನ್ನಲ್ಲ.

ಚೀಟಿಯಿಲ್ಲದಿದ್ದರೆ ಎದೆಗುಂದಬೇಕಾಗಿಲ್ಲ. ದಡಾರ, ಮಂಗನಬಾವು, ರುಬೆಲ್ಲಾ, ಹೆಪಟೈಟಿಸ್-ಬಿ, ಸೀತಾಳೆ ಸಿಡುಬುಗಳ ವಿಷಯದಲ್ಲಿ ರಕ್ತಪರೀಕ್ಷೆಯಿಂದ ಮೈಯಲ್ಲಿ ರೋಗನಿರೋಧಕ ಶಕ್ತಿಯಿದೆಯೆಂದು ಸಿದ್ಧವಾದರೆ ಅದೂ ಪ್ರಮಾಣವೇ. ಬೇವಿನ ಸೊಪ್ಪಿನ ಮೇಲೆ ಮಲಗಿದ ಕಥೆಗೆ ರಕ್ತವೇ ಸಾಕ್ಷಿ ನುಡಿಯುತ್ತದೆ. ಅದಿಲ್ಲವಾದರೆ ಲಸಿಕೆಯನ್ನು ಈಗ ಹಾಕಿಸಿಕೊಳ್ಳಬಹುದು. ಹಲವು ಸಲ ಹಾಕಿಸಬೇಕಾದ ಲಸಿಕೆಯಾದರೆ ಎಲ್ಲ ಸರದಿಯೂ ಮುಗಿದಿರಬೇಕೆಂಬ ನಿಯಮವಿಲ್ಲ. ಆ ವೇಳೆಗೆ ಸಲ್ಲಬೇಕಾದ ಒಂದು ಸರದಿ ಆಗಿದ್ದರೆ ಸಾಕು.

ತಾಯಿ ಕಾರ್ಡಿನ ಒಂದು ಖಾಲಿ ಮನೆ

ಎಳೆಯ ಮಕ್ಕಳಿರುವ ದಂಪತಿಗಳು, “ನಮ್ಮ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವನ್ನೂ ಹಾಕಿಸಿದ್ದೇವೆ, ತಾಯಿ ಕಾರ್ಡಿನಲ್ಲಿ ಬರೆದಿದೆ” ಎಂದು ನಿಶ್ಚಿಂತರಾಗಿರುತ್ತಾರೆ. ಅವರ ಮಾತು ಬಹುಮಟ್ಟಿಗೆ ನಿಜ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಿಂದ ಕ್ಷಯ, ಪೋಲಿಯೋ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ ಮೊದಲಾದವುಗಳ ಲಸಿಕೆ ಬಡವರ ಮಗುವಿಗೂ ಪುಕ್ಕಟೆಯಾಗಿ ದೊರೆಯುತ್ತದೆ. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆದರೆ ಈ ಜೋಡಿಯಲ್ಲಿ ಮಂಗನಬಾವು ಸೇರಿಲ್ಲ. ಅಮೆರಿಕೆಯ ಪಟ್ಟಿಯಲ್ಲಿ ಅದು ಮೊದಲನೆಯ ಹೆಸರು. ಸೀತಾಳೆ ಸಿಡುಬಿನ ಲಸಿಕೆಯೂ ಸರ್ಕಾರಿ ಕ್ರಮದಲ್ಲಿಲ್ಲ. ಖಾಸಗಿ ವೈದ್ಯರಲ್ಲಿ ಇವೆರಡೂ ದೊರೆಯುತ್ತವೆ. ಇವು ಜೀವಂತ ರೋಗಾಣುಗಳನ್ನು ನಿಸ್ತೇಜಗೊಳಿಸಿ ಮಾಡಿದ ಲಸಿಕೆಗಳಾದ್ದರಿಂದ ಒಂದೇ ದಿನ ಹಾಕಿಸಬೇಕು, ಇಲ್ಲವೆ ನಡುವೆ ನಾಲ್ಕು ವಾರ ಬಿಡಬೇಕು. ಗರ್ಭಿಣಿಯರಿಗೆ ಹಾಕುವಂತಿಲ್ಲ. ಅಂಥವರಿಗೆ ವೈದ್ಯರೇ ವಿನಾಯಿತಿಯನ್ನು ಬರೆದುಕೊಡುತ್ತಾರೆ. ಧರ್ಮದ ಅಥವಾ ಅಂತಃಸಾಕ್ಷಿಯ ಕಾರಣದಿಂದ ಲಸಿಕೆಯನ್ನೇ ಒಲ್ಲದವರು ವಿನಾಯಿತಿಗೆ ಬೇರೆ ಅರ್ಜಿ ಹಾಕಬಹುದು. ಆದರೆ ಕಾರಣವಿಲ್ಲದೆ ನಿರಾಕರಿಸಿದವರಿಗೆ ವೀಸಾ ದೊರೆಯದು.

ಸಂಡೂರಿನ ಧೂಳು, ಎದೆಯ ಚಿತ್ರ

ಲಸಿಕೆಗಿಂತಲೂ ಹೆಚ್ಚು ದಿನ ಕಾಯಿಸುವುದು ಕ್ಷಯದ ಪರೀಕ್ಷೆ. ಹದಿನೈದು ವರ್ಷ ತುಂಬಿದವರೆಲ್ಲರಿಗೂ ಎದೆಯ ಕ್ಷಕಿರಣ ಚಿತ್ರ ತೆಗೆಯುತ್ತಾರೆ. ಭಾರತದಂಥ ದೇಶದಿಂದ ಹೋಗುವ ಎರಡರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ರಕ್ತಪರೀಕ್ಷೆ. ಹುಟ್ಟಿದೊಡನೆ ಬಿ.ಸಿ.ಜಿ. ಹಾಕಿಸಿಕೊಂಡ ಮಕ್ಕಳಲ್ಲಿ ಹಳೆಯ ಚರ್ಮಪರೀಕ್ಷೆ ದಾರಿತಪ್ಪಿಸಬಹುದು. ಈ ರಕ್ತಪರೀಕ್ಷೆಗೆ ಆ ದೋಷವಿಲ್ಲ.

ಸಂಡೂರಿನ ಅದಿರಿನ ಗಣಿಗಳಲ್ಲಿ ವರ್ಷಾನುಗಟ್ಟಲೆ ದುಡಿದ ತಂದೆಯೊಬ್ಬ ಮಗಳ ಬಳಿಗೆ ಹೊರಟಿದ್ದಾನೆನ್ನಿ. ಧೂಳನ್ನು ಕುಡಿದ ಪುಪ್ಪುಸಕ್ಕೆ ಅದರದೇ ಗುರುತುಗಳಿರಬಹುದು. ಎಂದೋ ಬಂದು ಮಾಗಿದ ಕ್ಷಯದ ಕಲೆಯೂ ಇರಬಹುದು. ಚಿತ್ರದಲ್ಲಿ ಕ್ಷಯದ ಶಂಕೆ ಮೂಡಿದರೆ ಮೂರು ದಿನ ಕಫವನ್ನು ಪರೀಕ್ಷೆಗೆ ಕೊಡಬೇಕು. ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಲು ಎಂಟು ವಾರದವರೆಗೂ ಹಿಡಿಯಬಹುದು. ವಿಮಾನದ ಟಿಕೆಟ್ಟನ್ನು ಮೊದಲೇ ತೆಗೆದು, ಮನೆಯನ್ನು ಬಾಡಿಗೆಗೆ ಕೊಟ್ಟು, ನಂಟರಿಷ್ಟರ ಬೀಳ್ಕೊಡುಗೆಯ ಊಟವನ್ನೂ ಉಂಡು ಮುಗಿಸಿದವರಿಗೆ ಈ ಎರಡು ತಿಂಗಳು ಎರಡು ಯುಗ. ಹಳೆಯ ಕ್ಷಕಿರಣ ಚಿತ್ರಗಳನ್ನೂ ಚಿಕಿತ್ಸೆಯ ಕಾಗದಗಳನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ಹಳೆಯ ಕಲೆ ಯಾವುದು, ಹೊಸ ಬೇನೆ ಯಾವುದು ಎಂದು ತೂಗಿನೋಡಲು ಆಧಾರ ದೊರೆಯುತ್ತದೆ.

ಈ ಪರೀಕ್ಷೆಯನ್ನು ಊರಿನ ವೈದ್ಯರು ಎಷ್ಟೇ ಗಣ್ಯರಾಗಿದ್ದರೂ ಮಾಡುವಂತಿಲ್ಲ. ಅಮೆರಿಕೆಯ ರಾಯಭಾರ ಕಚೇರಿ ನೇಮಿಸಿದ ಕೆಲವೇ ವೈದ್ಯರಿಗೆ ಆ ಅಧಿಕಾರ. ಅವರಿರುವುದು ಮಹಾನಗರಗಳಲ್ಲಿ. ಹೊಸಪೇಟೆಯವರು ರಾತ್ರಿ ರೈಲನ್ನೇರಿಯೇ ಹೋಗಬೇಕು. ಆದರೆ ಊರಿನಲ್ಲಿಯೇ ಹಾಕಿಸಿಕೊಂಡ ಲಸಿಕೆಯ ದಾಖಲೆಯನ್ನು, ತಾರೀಖು, ವೈದ್ಯರ ರುಜು ಸರಿಯಾಗಿದ್ದರೆ, ಆ ವೈದ್ಯರು ಮಾನ್ಯ ಮಾಡುತ್ತಾರೆ. ಹೀಗೆ ಊರಿನಲ್ಲಿಯೇ ಮುಗಿಸಬಹುದಾದುದನ್ನು ಮುಗಿಸಿಕೊಂಡು ಹೋದರೆ ಎರಡು ಪ್ರಯಾಣದ ಕೆಲಸ ಒಂದರಲ್ಲಿ ಆದೀತು.

ಬದಲಾಗುವ ಪಟ್ಟಿ

ಎಲ್ಲ ದೇಶಗಳೂ ಒಂದೇ ರೀತಿಯಲ್ಲ. ಕೆನಡಾಕ್ಕೆ ವಲಸೆ ಹೋಗುವವರಿಗೆ ವೈದ್ಯಕೀಯ ಪರೀಕ್ಷೆಯುಂಟು, ಲಸಿಕೆಯ ಕಡ್ಡಾಯವಿಲ್ಲ. ಬ್ರಿಟನ್ನಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯಬಯಸುವ ಭಾರತೀಯರನ್ನು ಕೇಳುವುದು ಕ್ಷಯದ ಪರೀಕ್ಷೆಯನ್ನು. ಅಮೆರಿಕೆಯ ಪಟ್ಟಿಯೂ ಶಿಲಾಶಾಸನವಲ್ಲ. 1987ರಿಂದ ಎಚ್.ಐ.ವಿ. ಸೋಂಕಿತರಿಗೆ ಮುಚ್ಚಿದ್ದ ಬಾಗಿಲು 2010ರ ಜನವರಿಯಲ್ಲಿ ತೆರೆಯಿತು. ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್.ಪಿ.ವಿ. ಲಸಿಕೆಯನ್ನು 2008ರಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ವಿಧಿಸಿದರು. ಆಕ್ಷೇಪಗಳು ಎದ್ದು, 2009ರ ಡಿಸೆಂಬರಿನಲ್ಲಿ ಕೈಬಿಟ್ಟರು. ಕೋವಿಡ್ ಲಸಿಕೆ 2021ರ ಅಕ್ಟೋಬರಿನಲ್ಲಿ ಸೇರಿ 2025ರಲ್ಲಿ ಹೊರಬಿದ್ದಿತು. ಆದುದರಿಂದ ಕಳೆದ ವರ್ಷ ಹೋದ ನೆರೆಮನೆಯವರ ಮಾತನ್ನು ನೆಚ್ಚದೆ, ಹೊರಡುವ ಕಾಲದ ಪಟ್ಟಿಯನ್ನೇ ಕೇಳಿ ತಿಳಿಯುವುದು ಲೇಸು.

“ನಮ್ಮನ್ನಷ್ಟೇ ಹೀಗೆ ಶೋಧಿಸುವುದೇಕೆ?” ಎಂದು ಕೆಲವರಿಗೆ ಅನ್ನಿಸಬಹುದು. ಹಂಪಿಯ ವಿರೂಪಾಕ್ಷನ ಬೀದಿಯಲ್ಲಿ ನಡೆದಾಡುವ ವಿದೇಶೀಯರನ್ನು ನೋಡಿ ಇದಕ್ಕೆ ಉತ್ತರವನ್ನು ಕಂಡುಕೊಳ್ಳಬಹುದು. ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿಜ್ವರದ ನಾಡುಗಳಿಂದ ಬಂದವರು ಆ ಲಸಿಕೆಯ ಪತ್ರವನ್ನು ತೋರಿಸಿದ ಮೇಲೆಯೇ ಭಾರತದೊಳಕ್ಕೆ ಕಾಲಿಡಬಲ್ಲರು. ಪತ್ರವಿಲ್ಲದವರನ್ನು ಆರು ದಿನದವರೆಗೆ ಬೇರೆಯಾಗಿ ಇರಿಸುತ್ತಾರೆ. ಕಾರಣವೂ ಸ್ಪಷ್ಟ. ಹಳದಿಜ್ವರ ಭಾರತದಲ್ಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ, ಡೆಂಗ್ಯೂ ಹರಡುವ ಅದೇ ಸೊಳ್ಳೆ, ಇಲ್ಲಿ ಧಾರಾಳವಾಗಿದೆ. ಬಾಗಿಲನ್ನು ಕಾಯುವುದು ಪ್ರತಿಯೊಂದು ಮನೆಯ ಹಕ್ಕು. ಕಾಯುವವನು ಬಂದವನ ರೋಗವನ್ನು ನೋಡುತ್ತಿದ್ದಾನೆಯೇ, ಬಂದವನ ಮೈಬಣ್ಣವನ್ನು ನೋಡುತ್ತಿದ್ದಾನೆಯೇ ಎಂಬುದು ಮಾತ್ರ ಏಂಜಲ್ ದ್ವೀಪದ ಕಾಲದಿಂದಲೂ ಕೇಳಬೇಕಾದ ಪ್ರಶ್ನೆ.

ಮನೆಯ ಪತ್ರ, ಹೊಲದ ಪಹಣಿ, ಮಕ್ಕಳ ಅಂಕಪಟ್ಟಿಗಳನ್ನು ಟ್ರಂಕಿನಲ್ಲಿ ಜೋಪಾನವಾಗಿಡುವ ಸಂಸಾರಗಳು ಲಸಿಕೆಯ ಚೀಟಿಯನ್ನು ಮಾತ್ರ ಅಡುಗೆಮನೆಯ ಮೊಳೆಗೆ ಸಿಕ್ಕಿಸಿ ಮರೆಯುತ್ತವೆ. ಅದಕ್ಕೂ ಆ ಟ್ರಂಕಿನಲ್ಲಿ ಒಂದು ಮೂಲೆ ದೊರೆಯಲಿ. ಇಂದಿನ ಮಗು ಎಂದೋ ಒಂದು ದಿನ ಯಾವುದೋ ದೇಶದ ಬಾಗಿಲಲ್ಲಿ ನಿಂತಾಗ ಅದನ್ನು ಕೇಳುವವರಿದ್ದಾರೆ. ಕಂಪ್ಲಿಯ ಅಜ್ಜಿಗಾದರೋ ಆ ಚೀಟಿ ಇಲ್ಲ. ಆಕೆ ರಕ್ತಪರೀಕ್ಷೆಗೆ ತೋಳನ್ನು ಚಾಚುತ್ತಾಳೆ. ಸೂಜಿ ಚುಚ್ಚುವ ಜಾಗದ ಮೇಲ್ಗಡೆಯೇ ಹಳೆಯ ದೇವಿಯ ಕಲೆ. ಒಂದು ಮಹಾಮಾರಿಯನ್ನು ಗೆದ್ದ ಆ ಮುದ್ರೆಗೆ ಇಂದು ಯಾವ ಕಚೇರಿಯಲ್ಲಿಯೂ ಬೆಲೆಯಿಲ್ಲ. ಅದಕ್ಕೆ ಬೆಲೆಯಿಲ್ಲದಂತಾದದ್ದೇ ಲಸಿಕೆಯ ದೊಡ್ಡ ಗೆಲವು.