ನಗುತ್ತಲೇ ಕೇಳುವ ಲೆಕ್ಕ



ನಾವೆಲ್ಲ ಜಾತ್ರೆ ಕಂಡವರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋದವರು ನಮ್ಮಲ್ಲಿದ್ದಾರೆ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಗೆ ಹೋದವರಿದ್ದಾರೆ. ಬಿಳಿಗಿರಿರಂಗಪ್ಪನ ತೇರಿಗೆ ಹಣ್ಣು ಜವನ ಎಸೆದವರೂ ಇದ್ದಾರೆ.

ಜಾತ್ರೆಗೆ ಹೋದವರ ಕಣ್ಣಿಗೆ ತೇರು ಕಾಣುತ್ತದೆ. ತೇರಿನ ಹಿಂದೆ ಎಷ್ಟು ಕೆಲಸ ಇದೆ? ಹಗ್ಗ ಬೇಕು. ಕುಡಿಯುವ ನೀರು ಬೇಕು. ದೀಪ, ಬಸ್ಸು, ಅಡುಗೆ, ಸೌದೆ ಎಲ್ಲ ಬೇಕು. ಇದಕ್ಕೆಲ್ಲ ದುಡ್ಡು ಬೇಕು. ದುಡ್ಡು ಯಾರ ಕೈಯಲ್ಲಿ ಬಂತು, ಯಾರ ಕೈಯಲ್ಲಿ ಹೋಯ್ತು ಎಂದು ಯಾರಾದರೂ ಬರೆದಿಡಬೇಕು.

ಆಟಗಳಿಗೂ ಇಂಥ ದೊಡ್ಡ ಜಾತ್ರೆ ಇದೆ. ಅದರ ಹೆಸರು ಒಲಿಂಪಿಕ್ಸ್. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 200ಕ್ಕೂ ಹೆಚ್ಚು ಕಡೆಯಿಂದ ತಂಡಗಳು ಬರುತ್ತವೆ. 10,000ಕ್ಕೂ ಹೆಚ್ಚು ಆಟಗಾರರು ಸೇರುತ್ತಾರೆ. ಅವರಿಗೆ ಊಟ, ವಸತಿ, ಓಡುವ ಅಂಕಣ, ಈಜುವ ಕೊಳ ಎಲ್ಲ ಮೊದಲೇ ಸಿದ್ಧವಾಗಬೇಕು. ‘ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು’ ಅಂತಾರಲ್ಲ, ಇಲ್ಲಿ ಎರಡೂ ಒಟ್ಟಿಗೇ ಬರುತ್ತವೆ.

ಈ ಏರ್ಪಾಟು ಮಾಡುವವರನ್ನು ಕುರಿತು ಬೇರೆ ದೇಶಗಳಲ್ಲಿ ಟಿವಿ ಧಾರಾವಾಹಿ ಮಾಡಿದ್ದಾರೆ. ಅಳಿಸುವ ಧಾರಾವಾಹಿ ಅಲ್ಲ, ನಗಿಸುವ ಧಾರಾವಾಹಿ. ಅದರ ಕತೆ ಈಗ ತಿಳಿಯೋಣ.

ವಿಡಂಬನೆ ಎಂದರೇನು?

ನಮ್ಮ ಬಯಲಾಟದಲ್ಲಿ ಕೋಡಂಗಿ ಬರುತ್ತಾನೆ. ರಾಜ ಗತ್ತಿನಿಂದ ಮಾತಾಡುತ್ತಾನೆ. ಕೋಡಂಗಿ ಪಕ್ಕದಲ್ಲಿ ನಿಂತು ಒಂದು ಮಾತು ಎಸೆಯುತ್ತಾನೆ. ಜನ ಗೊಳ್ಳೆಂದು ನಗುತ್ತಾರೆ. ಹಾಗೆ ನಗುವಾಗಲೇ ರಾಜನ ತಪ್ಪು ಎಲ್ಲರಿಗೂ ಗೊತ್ತಾಗುತ್ತದೆ. ಕೋಡಂಗಿ ಯಾರನ್ನೂ ಬೈದಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದಾನೆ, ಅಷ್ಟೆ.

ಹೀಗೆ ನಗಿಸುತ್ತಾ ತಪ್ಪು ತೋರಿಸುವುದಕ್ಕೆ ವಿಡಂಬನೆ ಎನ್ನುತ್ತಾರೆ. ‘ಮಾಡೋದೆಲ್ಲಾ ಅನಾಚಾರ, ಮನೆ ಮುಂದೆ ಬೃಂದಾವನ’ ಎಂಬ ಗಾದೆ ಇದೆಯಲ್ಲ, ಅದೂ ವಿಡಂಬನೆಯೇ.

ನೂರು ಮೀಟರ್ ಅಂದರೆ ಎಷ್ಟು?

2000ದಲ್ಲಿ ಆಸ್ಟ್ರೇಲಿಯಾ ದೇಶದ ಸಿಡ್ನಿ ನಗರದಲ್ಲಿ ಒಲಿಂಪಿಕ್ಸ್ ನಡೆಯಿತು. ಅದಕ್ಕೆ ಮೊದಲೇ, 1998ರಲ್ಲಿ, ಅಲ್ಲಿನ ಟಿವಿಯಲ್ಲಿ ‘ದಿ ಗೇಮ್ಸ್’ ಎಂಬ ಧಾರಾವಾಹಿ ಶುರುವಾಯಿತು. ಹಾಗೆಂದರೆ ‘ಆಟಗಳು’ ಎಂದರ್ಥ. ಜಾನ್ ಕ್ಲಾರ್ಕ್ ಎಂಬ ಹಾಸ್ಯಗಾರರು ಅದನ್ನು ಬರೆದವರಲ್ಲಿ ಮುಖ್ಯರು. ಅದರಲ್ಲಿ ಪಾತ್ರವನ್ನೂ ಮಾಡಿದರು. ಕತೆ ನಡೆಯುವುದು ಒಂದು ಕಚೇರಿಯಲ್ಲಿ. ಒಲಿಂಪಿಕ್ಸ್ ಏರ್ಪಾಟು ಮಾಡುವ ಅಧಿಕಾರಿಗಳ ಪೇಚಾಟವೇ ಕತೆ.

ಒಂದು ಕಂತಿನಲ್ಲಿ ಹೀಗಾಗುತ್ತದೆ. ನೂರು ಮೀಟರ್ ಓಟಕ್ಕೆ ಅಂಕಣ ಕಟ್ಟಿದ್ದಾರೆ. ಕಟ್ಟಿದ ಕಂಟ್ರಾಕ್ಟರನ್ನು ಅಧಿಕಾರಿಗಳು ಕರೆದು ಉದ್ದ ಎಷ್ಟು ಎಂದು ಕೇಳುತ್ತಾರೆ. ಸುಮಾರು ನೂರು ಮೀಟರ್ ಇದೆ ಎನ್ನುತ್ತಾನೆ ಆತ. ಬಿಡಿಸಿ ಬಿಡಿಸಿ ಕೇಳಿದರೆ ಇರುವುದು 94 ಮೀಟರ್! ನೂರು ಮೀಟರ್ ಓಟಕ್ಕೆ ನೂರು ಮೀಟರೇ ಏಕೆ ಬೇಕು ಎಂಬುದು ಆತನಿಗೆ ತಿಳಿಯುವುದೇ ಇಲ್ಲ.

ಇದನ್ನು ನಮ್ಮ ಊರಿಗೆ ತಂದು ನೋಡೋಣ. ಕೊಳ್ಳೇಗಾಲ ರೇಷ್ಮೆ ಸೀರೆಗೆ ಹೆಸರಾದ ಊರು. ಸೀರೆ ಎರಡು ಮೊಳ ಕಡಿಮೆ ಬಂತು ಅನ್ನಿ. ‘ಸುಮಾರಾಗಿ ಸೀರೇನೇ ಕಣಕ್ಕ, ಉಟ್ಕೊಳಿ’ ಎಂದು ಅಂಗಡಿಯವನು ಹೇಳಿದರೆ ನಾವು ಸುಮ್ಮನೆ ಬರುತ್ತೇವಾ? ದುಡ್ಡು ವಾಪಸ್ ಕೊಡು ಅನ್ನುತ್ತೇವೆ. ಸೀರೆ ಅಂಗಡಿಯಲ್ಲಿ ಬರುವ ಈ ಮಾತು ರಸ್ತೆ, ಚರಂಡಿ ಅಳೆಯುವಾಗಲೂ ಬರಬೇಕು. ಆ ಕಂತು ನೋಡಿದವರಿಗೆ ತಿಳಿಯುವುದು ಇದೇ.

ಆಡದೆ ಉಳಿದಿದ್ದ ಒಂದು ಮಾತು

ಅದೇ ಧಾರಾವಾಹಿಯಲ್ಲಿ ನಗು ಬಾರದ ಒಂದು ದೃಶ್ಯವೂ ಇದೆ.

ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಜನ ಇದ್ದಾರೆ. ನಮ್ಮ ಬಿಳಿಗಿರಿಬೆಟ್ಟದ ಸೋಲಿಗರ ಹಾಗೆ ಆ ನೆಲವನ್ನು ಬಹಳ ಹಿಂದಿನಿಂದ ಬಲ್ಲವರು. ಅಲ್ಲಿನ ಸರ್ಕಾರಗಳು ಎಷ್ಟೋ ವರ್ಷ ಅವರ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಬೇರೆ ಕಡೆ ಬೆಳೆಸಿದವು. ಎಷ್ಟೋ ಮಕ್ಕಳಿಗೆ ತಮ್ಮ ತಾಯಿ ಯಾರು ಎಂದೇ ಗೊತ್ತಾಗಲಿಲ್ಲ. ಇದಕ್ಕೆ ಕ್ಷಮೆ ಕೇಳಿ ಎಂದು ಜನ ಒತ್ತಾಯಿಸಿದರು. ಆಗಿನ ಪ್ರಧಾನಿ ಜಾನ್ ಹೋವರ್ಡ್ ಸರ್ಕಾರದ ಪರವಾಗಿ ಕ್ಷಮೆ ಕೇಳಲು ಒಪ್ಪಲಿಲ್ಲ.

ಅದೇ ಜಾನ್ ಹೋವರ್ಡ್ ಎಂಬ ಹೆಸರಿನ ಒಬ್ಬ ನಟರೂ ಆ ದೇಶದಲ್ಲಿದ್ದರು. 2000ದಲ್ಲಿ ಧಾರಾವಾಹಿಯವರು ಆ ನಟರನ್ನು ಕರೆಸಿದರು. ಅವರು ತಮ್ಮ ಹೆಸರು ಹೇಳಿ, ಮೂಲನಿವಾಸಿಗಳಲ್ಲಿ ಗಂಭೀರವಾಗಿ ಕ್ಷಮೆ ಕೇಳಿದರು. ದೊಡ್ಡವರು ಆಡದ ಮಾತನ್ನು ಹಾಸ್ಯಗಾರರು ಆಡಿದರು.

ನಿಜವಾದ ಕ್ಷಮೆ 2008ರ ಫೆಬ್ರವರಿ 13ರಂದು ಬಂತು. ಆಗ ಕೆವಿನ್ ರಡ್ ಪ್ರಧಾನಿ. ಸಂಸತ್ತಿನಲ್ಲಿ ನಿಂತು ಅವರು ಕ್ಷಮೆ ಕೇಳಿದರು.

ನಿಂತುಹೋದ ಗಡಿಯಾರ

2012ರಲ್ಲಿ ಇಂಗ್ಲೆಂಡಿನ ಲಂಡನ್ ನಗರದಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿಯೂ ಬಿಬಿಸಿ ಟಿವಿ 2011ರಲ್ಲೇ ‘ಟ್ವೆಂಟಿ ಟ್ವೆಲ್ವ್’ ಎಂಬ ಧಾರಾವಾಹಿ ಶುರುಮಾಡಿತು. ಬರೆದವರು ಜಾನ್ ಮಾರ್ಟನ್. ಈ ಕತೆಯ ಅಧಿಕಾರಿಗಳು ಸಭೆಯ ಮೇಲೆ ಸಭೆ ಮಾಡುತ್ತಾರೆ. ಎಲ್ಲರೂ ದೊಡ್ಡ ದೊಡ್ಡ ಪದ ಆಡುತ್ತಾರೆ. ಸಭೆ ಮುಗಿದಾಗ ಕೆಲಸ ಮಾತ್ರ ಅಲ್ಲೇ ಇರುತ್ತದೆ.

ಮೊದಲ ಕಂತು ಒಂದು ಗಡಿಯಾರದ ಕತೆ. ಒಲಿಂಪಿಕ್ಸಿಗೆ ಎಷ್ಟು ದಿನ ಉಳಿದಿದೆ ಎಂದು ತೋರಿಸಬೇಕಾದ ಗಡಿಯಾರ ಅದು. ಅದು ಕೈಕೊಡುತ್ತದೆ. ಈ ಕಂತು ಬಂದದ್ದು 2011ರ ಮಾರ್ಚ್ 14ರಂದು. ಅದೇ ದಿನ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಅಂಥದೇ ನಿಜವಾದ ಗಡಿಯಾರವನ್ನು ಉದ್ಘಾಟಿಸಿದರು. ಮರುದಿನವೇ ಅದು ನಿಂತುಹೋಯಿತು!

ಇನ್ನೊಂದು ಕಂತಿನಲ್ಲಿ ಅತಿಥಿಗಳ ಬಸ್ಸು ದಾರಿ ತಪ್ಪುತ್ತದೆ. 2012ರ ಜುಲೈನಲ್ಲಿ ಆಟಗಾರರನ್ನು ಕರೆತರುತ್ತಿದ್ದ ನಿಜವಾದ ಬಸ್ಸೂ ಲಂಡನ್ನಿನಲ್ಲಿ ಗಂಟೆಗಟ್ಟಲೆ ದಾರಿ ತಪ್ಪಿ ಸುತ್ತಿತು.

ಲಂಡನ್ ಒಲಿಂಪಿಕ್ಸ್ ಸಮಿತಿಯ ಮುಖ್ಯಸ್ಥರು ಸೆಬಾಸ್ಟಿಯನ್ ಕೋ. ಹಿಂದೆ ಓಟದಲ್ಲಿ ಚಿನ್ನ ಗೆದ್ದವರು. ತಮ್ಮ ಸಮಿತಿಯನ್ನೇ ಗೇಲಿ ಮಾಡುವ ಈ ಧಾರಾವಾಹಿಯಲ್ಲಿ ಅವರೂ ಬಂದು ಒಂದು ಸಣ್ಣ ಪಾತ್ರ ಮಾಡಿದರು. ತಮ್ಮ ಮೇಲೆ ಬಂದ ನಗುವನ್ನು ತಾಳಿಕೊಳ್ಳುವುದೂ ದೊಡ್ಡತನವೇ.

ನಮ್ಮಲ್ಲಿ ನಡೆದದ್ದು

ನಮ್ಮ ದೂರದರ್ಶನದಲ್ಲೂ ಇಂಥ ನಗು ಬಂದಿತ್ತು. 1989ರಲ್ಲಿ ಜಸ್ಪಾಲ್ ಭಟ್ಟಿಯವರ ‘ಫ್ಲಾಪ್ ಶೋ’ ಬಂತು. ಇದ್ದದ್ದು 10 ಕಂತು ಮಾತ್ರ. ಕಂಟ್ರಾಕ್ಟರು, ಡಾಕ್ಟರು, ಅಧಿಕಾರಿ ಯಾರನ್ನೂ ಅವರು ಬಿಡಲಿಲ್ಲ.

ಆಟದ ದೊಡ್ಡ ಜಾತ್ರೆ ನಮ್ಮ ದೇಶದಲ್ಲೂ ನಡೆಯಿತು. 2010ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಅದನ್ನು ನಡೆಸುವ ಅವಕಾಶ ನಮಗೆ ಸಿಕ್ಕಿದ್ದು 2003ರಲ್ಲಿ. ಏಳು ವರ್ಷ ಕೈಯಲ್ಲಿತ್ತು. ಆದರೂ ಕೊನೆಯ ಗಳಿಗೆಯವರೆಗೆ ಕೆಲಸ ಮುಗಿದಿರಲಿಲ್ಲ. ಕೂಟ ಶುರುವಾಗಲು ಹನ್ನೆರಡೇ ದಿನ ಇತ್ತು. ಮುಖ್ಯ ಕ್ರೀಡಾಂಗಣದ ಹತ್ತಿರ ಕಟ್ಟುತ್ತಿದ್ದ ಕಾಲುಸೇತುವೆ ಕುಸಿಯಿತು. ಅಲ್ಲಿ ಗಾಯಗೊಂಡವರು ಕೂಲಿ ಕೆಲಸಗಾರರು.

ದೇಶದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು 2011ರ ಆಗಸ್ಟ್ ತಿಂಗಳಲ್ಲಿ ವರದಿ ಕೊಟ್ಟರು. ಮೊದಲು ಕಾರಣವಿಲ್ಲದೆ ತಡ ಮಾಡಿದರು, ಆಮೇಲೆ ತುರ್ತು ಎಂದು ನಿಯಮ ಸಡಿಲಿಸಿದರು ಎಂದು ವರದಿ ಹೇಳಿತು.

ಇದು ಹೇಗೆ ಎಂದು ನಮಗೆ ಚೆನ್ನಾಗಿ ಗೊತ್ತು. ಮದುವೆಗೆ ಆರು ತಿಂಗಳು ಇರುವಾಗ ನಾಲ್ಕು ಅಂಗಡಿ ಸುತ್ತಿ, ಚೌಕಾಸಿ ಮಾಡಿ ಪಾತ್ರೆ ತರಬಹುದು. ಚಪ್ಪರದ ದಿನ ಹೋದರೆ ಅಂಗಡಿಯವನು ಹೇಳಿದ್ದೇ ಬೆಲೆ. ಸರ್ಕಾರದ ಕೆಲಸದಲ್ಲಿ ಹೀಗಾದರೆ ಹೋಗುವುದು ನಮ್ಮೆಲ್ಲರ ದುಡ್ಡು. ಬೆಂಕಿಪೊಟ್ಟಣ, ಸೋಪು ಕೊಂಡಾಗಲೂ ನಾವು ತೆರಿಗೆ ಕಟ್ಟುತ್ತೇವೆ.

ಒಂದು ಮಾತು ಮರೆಯಬಾರದು. ಆಟಗಾರರದು ಇದರಲ್ಲಿ ತಪ್ಪಿಲ್ಲ. ಅದೇ ದೆಹಲಿ ಕೂಟದಲ್ಲಿ ನಮ್ಮ ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆ ಆಡಿ ಬ್ಯಾಡ್ಮಿಂಟನ್ನಿನಲ್ಲಿ ಚಿನ್ನ ಗೆದ್ದರು. ಇಂಥ ಹೆಣ್ಣುಮಕ್ಕಳ ಶ್ರಮಕ್ಕೆ ತಕ್ಕ ಏರ್ಪಾಟು ಇರಬೇಕು. ಅದಕ್ಕೇ ಲೆಕ್ಕ ಕೇಳುವುದು.

ನಗು ಯಾರ ಮೇಲೆ?

ಟಿವಿಯಲ್ಲಿ ನಗಿಸುವ ಕಾರ್ಯಕ್ರಮ ಬೇಕಾದಷ್ಟು ಬರುತ್ತವೆ. ಕಪ್ಪಗಿರುವವರನ್ನು, ದಪ್ಪಗಿರುವವರನ್ನು, ಓದು ಬಾರದವರನ್ನು, ಹೆಂಡತಿಯನ್ನು ಗೇಲಿ ಮಾಡಿ ನಗಿಸುತ್ತಾರೆ. ಆ ನಗು ಸೋತವರ ಮೇಲೆ ಬೀಳುತ್ತದೆ. ಕೋಡಂಗಿಯ ನಗು ಹಾಗಲ್ಲ, ಗದ್ದುಗೆಯ ಮೇಲೆ ಕೂತವರ ಕಡೆ ಹೋಗುತ್ತದೆ. ಟಿವಿ ಮುಂದೆ ಕೂತಾಗ ಈ ವ್ಯತ್ಯಾಸ ಗಮನಿಸೋಣ.

ನಕ್ಕು ಎದ್ದು ಹೋದರೆ ಸಾಲದು. ನಕ್ಕ ಮೇಲೆ ಕೇಳಬೇಕು. ಕೇಳಲು ಗ್ರಾಮಸಭೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ‘ನಮ್ಮ ಬೀದಿಯ ಚರಂಡಿಗೆ ಎಷ್ಟು ಹಣ ಬಂತು? ಎಷ್ಟು ಮೀಟರ್ ಕಟ್ಟಿದಿರಿ?’ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಬಹುದು. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಈ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಅಕ್ಷರ ಬರೆಯುತ್ತದೆ. ಆ ಅಕ್ಷರಕ್ಕೆ ಇದು ಒಳ್ಳೆಯ ಕೆಲಸ. ಹಾಗೆಯೇ ನಮ್ಮ ಸಂಘದ ಲೆಕ್ಕವನ್ನೂ ಯಾರು ಕೇಳಿದರೂ ತೆರೆದು ತೋರಿಸೋಣ. ಲೆಕ್ಕ ಕೇಳುವವರ ಪುಸ್ತಕ ಮೊದಲು ಚೊಕ್ಕವಾಗಿರಬೇಕು.

ಓದಿದ ಮೇಲೆ ಕೂತು ಮಾತಾಡಿ

1. ಓಟದ ಅಂಕಣ ಎಷ್ಟು ಮೀಟರ್ ಕಡಿಮೆ ಇತ್ತು? ಕಳೆದು ನೋಡಿ.

2. ತಡವಾದರೆ ಖರ್ಚು ಏಕೆ ಹೆಚ್ಚುತ್ತದೆ? ನಿಮ್ಮ ಮನೆಯ ಒಂದು ಉದಾಹರಣೆ ಹೇಳಿ.

3. ನಿಮ್ಮ ಊರಿನಲ್ಲಿ ಈಚೆಗೆ ನಡೆದ ಒಂದು ಸರ್ಕಾರಿ ಕೆಲಸದ ಹೆಸರು ಬರೆಯಿರಿ. ಅದರ ಬಗ್ಗೆ ಕೇಳಬೇಕಾದ ಎರಡು ಪ್ರಶ್ನೆ ಬರೆಯಿರಿ.

4. ಆ ಕೆಲಸದ ಮೇಲೆ ಎಲ್ಲರೂ ಸೇರಿ ಒಂದು ಚಿಕ್ಕ ಆಟ ಕಟ್ಟಿ. ಕೋಡಂಗಿ ಯಾರಾಗುತ್ತೀರಿ?