ಒಂದೆಲಗದ ತಂಬುಳಿ ಮತ್ತು ಮನಸ್ಸಿನ ಕಾಯಿಲೆ

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಭಟ್ಕಳ, ಹೊನ್ನಾವರ, ತದಡಿ ಬಂದರುಗಳಲ್ಲಿ ದೋಣಿಗಳು ಸಾಲಾಗಿ ನಿಲ್ಲುತ್ತವೆ. ಮನೆಯಲ್ಲಿ ಸಂಪಾದನೆ ಇಲ್ಲ, ಹೊರಗೆ ಎಡೆಬಿಡದ ಮಳೆ. ಈ 61 ದಿನಗಳಲ್ಲಿ ಧರ್ಮಗುರುವಿನ ಬಳಿಗೆ ಬರುವ ಅಹವಾಲುಗಳ ಸ್ವರೂಪವೇ ಬೇರೆ. ನಿದ್ರೆ ಬರುವುದಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲಿಯೂ ಮನಸ್ಸಿಲ್ಲ ಎಂಬ ಮಾತುಗಳೇ ಹೆಚ್ಚು.

ಕೆಲವು ವರ್ಷಗಳ ಹಿಂದೆ, ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಇಂಥದೇ ಒಂದು ಮಳೆಗಾಲದ ಮುಂಜಾನೆ ಬಲಿಪೂಜೆಯ ನಂತರ ತಾಯಿಯೊಬ್ಬರು ನನಗಾಗಿ ಕಾದು ನಿಂತಿದ್ದರು. ಹಡಗಿನ ಕೆಲಸದಿಂದ ರಜೆಯ ಮೇಲೆ ಬಂದ ಮಗ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. “ಫಾದರ್, ಅವನಿಗೆ ಏನಾದರೂ ಮದ್ದು ಹೇಳಿ. ಡಾಕ್ಟರರ ಹತ್ತಿರ ಹೋದರೆ ನಾಳೆ ಅವನಿಗೆ ಹೆಣ್ಣು ಕೊಡುವವರು ಯಾರು?” ಎಂದರು. ನನ್ನ ತಾಯಿ ಒಂದೆಲಗವನ್ನು ಅರೆದು ಕೊಡುತ್ತಿದ್ದುದು ನೆನಪಾಯಿತು. ಬೆಳಿಗ್ಗೆ ಅದರ ರಸ ಕೊಡಿ, ಸಂಜೆ ಜಪಸರದ ಪ್ರಾರ್ಥನೆಗೆ ಕೂರಿಸಿಕೊಳ್ಳಿ ಎಂದು ಹೇಳಿ ಕಳುಹಿಸಿದೆ. ಆಕೆ ನಾನು ಹೇಳಿದಂತೆಯೇ ಎರಡು ತಿಂಗಳು ಮಾಡಿದರು. ಒಂದು ನಡುರಾತ್ರಿ ಮಗ ಬಾವಿಕಟ್ಟೆಯ ಮೇಲೆ ಒಬ್ಬನೇ ಕುಳಿತಿರುವುದನ್ನು ತಂದೆ ಕಂಡರು. ಮರುದಿನ ಮನೋವೈದ್ಯರ ಬಳಿಗೆ ಕರೆದೊಯ್ದವರಲ್ಲಿ ನಾನೂ ಇದ್ದೆ. ಎರಡು ತಿಂಗಳಿನಿಂದ ಏನು ಮಾಡುತ್ತಿದ್ದಿರಿ ಎಂದು ವೈದ್ಯರು ಕೇಳಿದಾಗ ಆ ತಾಯಿ ಉತ್ತರಿಸಲಿಲ್ಲ. ನನ್ನ ಮುಖ ನೋಡಿದರು.

ಅಂದಿನಿಂದ ಈ ವಿಷಯದಲ್ಲಿ ಸ್ವಲ್ಪ ಓದಿಕೊಂಡೆ. ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುವಾಗ ಸಂತ ಥಾಮಸ್ ಅಕ್ವೀನಾಸರ ಮಹಾಗ್ರಂಥದಲ್ಲಿ ದುಃಖದ ಪರಿಹಾರಗಳ ಕುರಿತ ಪ್ರಶ್ನೆಯೊಂದನ್ನು ಓದಿ ನಾವು ನಕ್ಕಿದ್ದುಂಟು. 13ನೆಯ ಶತಮಾನದ ಆ ಮಹಾಮೇಧಾವಿ ಐದು ಪರಿಹಾರಗಳನ್ನು ಹೇಳುತ್ತಾರೆ: ಸಂತೋಷ ಕೊಡುವ ಯಾವುದಾದರೂ ಕಾರ್ಯ, ಕಣ್ಣೀರು, ಸ್ನೇಹಿತರ ಸಹಾನುಭೂತಿ, ಸತ್ಯದ ಚಿಂತನೆ, ಕೊನೆಗೆ ನಿದ್ರೆ ಮತ್ತು ಸ್ನಾನ! ಹಂಡೆಯ ಬಿಸಿನೀರಿನ ಮಹಿಮೆ ಬಲ್ಲ ನಮ್ಮ ಅಜ್ಜಿಯಂದಿರು ಇದನ್ನು ಓದಿದ್ದರೆ ನಗುತ್ತಿರಲಿಲ್ಲ. ತಾಯಿಯನ್ನು ಕಳೆದುಕೊಂಡ ಸಂತ ಅಗಸ್ಟೀನರು ಸ್ನಾನ ಮಾಡಿದರೂ ದುಃಖ ಇಳಿಯಲಿಲ್ಲವೆಂದೂ, ನಿದ್ರೆ ಮಾಡಿ ಎದ್ದಾಗ ಅದು ಎಷ್ಟೋ ಹಗುರಾಗಿತ್ತೆಂದೂ ಸ್ವತಃ ಬರೆದಿದ್ದಾರೆ. ಆದರೆ ಇವರಿಬ್ಬರೂ ಮಾತನಾಡುತ್ತಿರುವುದು ದುಃಖದ ಬಗ್ಗೆ. ದುಃಖಕ್ಕೆ ಒಂದು ಕಾರಣವಿರುತ್ತದೆ. ಕಾಲ ಸರಿದಂತೆ ಅದು ಸಡಿಲವಾಗುತ್ತದೆ. ಖಿನ್ನತೆಯೆಂಬ ಕಾಯಿಲೆ ಹಾಗಲ್ಲ. ಕಾರಣವಿಲ್ಲದೆಯೂ ಬರುತ್ತದೆ, ಕಾರಣ ತೀರಿದ ಮೇಲೆಯೂ ಉಳಿಯುತ್ತದೆ. ನಾನು ಎಡವಿದ್ದು ಈ ಭೇದವನ್ನು ಗುರುತಿಸುವುದರಲ್ಲಿ.

ಹಿತ್ತಿಲ ಗಿಡಗಳನ್ನು ಹೀಗಳೆಯುವ ಉದ್ದೇಶ ನನ್ನದಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಮಣ್ಣಿನಿಂದ ಬರುವ ಔಷಧಗಳನ್ನೂ ಗೌರವಿಸುತ್ತದೆ, ವೈದ್ಯನನ್ನೂ ಗೌರವಿಸುತ್ತದೆ. ಒಂದೆಲಗದ ತಂಬುಳಿ ಒಳ್ಳೆಯ ಆಹಾರ. ಅದರಿಂದ ಖಿನ್ನತೆ ಗುಣವಾಗುತ್ತದೆಂದು ಹೇಳಲು ಮಾತ್ರ ಬಲವಾದ ಆಧಾರವಿಲ್ಲ. ಅಂಗಡಿಯಲ್ಲಿ ‘ಬ್ರಾಹ್ಮಿ’ ಎಂದು ಮಾರುವುದು ಕೆಲವೊಮ್ಮೆ ಒಂದೆಲಗವಾದರೆ, ಕೆಲವೊಮ್ಮೆ ನೀರುಬ್ರಾಹ್ಮಿಯೆಂಬ ಬೇರೆಯೇ ಗಿಡ. ನಿದ್ರೆಗೆಂದು ಹಾಲಿನಲ್ಲಿ ತೇಯ್ದು ಕೊಡುವ ಜಾಯಿಕಾಯಿ ಚಿಟಿಕೆಯಷ್ಟಾದರೆ ಸರಿ. ಹೆಚ್ಚಾದರೆ ಎದೆಬಡಿತ ಏರಿ ಬುದ್ಧಿ ಭ್ರಮಿಸುತ್ತದೆ. ಅಶ್ವಗಂಧದ ಪುಡಿಯ ಜಾಹೀರಾತು ಈಗ ಎಲ್ಲರ ಮೊಬೈಲಿನಲ್ಲಿದೆ. ಅದು ಮನಸ್ಸಿನ ಒತ್ತಡವನ್ನು ಸ್ವಲ್ಪ ತಗ್ಗಿಸುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ತಿಳಿಸಿವೆ. ಆದರೆ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಥೈರಾಯ್ಡ್ ಮಾತ್ರೆ ಸೇವಿಸುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ನಮ್ಮ ಹಬ್ಬವೊಂದರ ಹೆಸರು ಹೊತ್ತ ಗಿಡವೂ ಇದೆ. ಸ್ನಾನಿಕ ಯೊವಾನ್ನರ ಹಬ್ಬವಾದ ಜೂನ್ 24ರ ಸುಮಾರಿಗೆ ಯುರೋಪಿನಲ್ಲಿ ಹಳದಿ ಹೂ ಬಿಡುವ ‘ಸೇಂಟ್ ಜಾನ್ಸ್ ವರ್ಟ್’. 29 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯು, ತೀವ್ರವಲ್ಲದ ಖಿನ್ನತೆಯಲ್ಲಿ ಅದು ವೈದ್ಯರ ಮಾತ್ರೆಗಳಷ್ಟೇ ಫಲ ಕೊಟ್ಟಿತೆಂದು ಹೇಳಿತು. ಹಾಗೆಂದು ವಿದೇಶದಿಂದ ಬಂದ ಬಂಧುಗಳು ಅದರ ಕ್ಯಾಪ್ಸೂಲು ತಂದುಕೊಟ್ಟರೆ ಒಡನೆಯೇ ನುಂಗಬೇಡಿರಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮೊದಲಾದ ಔಷಧಗಳ ಬಲವನ್ನು ಅದು ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆಗಳೊಡನೆ ಬೆರೆತರೆ ಪ್ರಾಣಕ್ಕೇ ಅಪಾಯ ತರಬಹುದು.

ಗಿಡಮೂಲಿಕೆಯಿಂದ ಕೆಡುಕಿಲ್ಲ ಎನ್ನುವವರು ಸರ್ಪಗಂಧದ ಕಥೆ ಕೇಳಬೇಕು. ಉನ್ಮಾದವನ್ನು ಶಮನಗೊಳಿಸಲು ನಮ್ಮ ನಾಟಿವೈದ್ಯರು ಬಳಸುತ್ತಿದ್ದ ಈ ಬೇರಿನಿಂದ 1952ರಲ್ಲಿ ರಿಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ರಕ್ತದೊತ್ತಡಕ್ಕೆ ಅದು ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಅದನ್ನು ಸೇವಿಸಿದ ಕೆಲವರಲ್ಲಿ ಗಾಢವಾದ ಖಿನ್ನತೆ ಕಾಣಿಸಿಕೊಂಡದ್ದನ್ನು ಅದೇ ದಶಕದಲ್ಲಿ ವೈದ್ಯರು ದಾಖಲಿಸಿದರು.

ಇನ್ನು, ನಮ್ಮ ಮನೆಗಳಲ್ಲಿ ಗಂಡಸರು ಬೇಸರಕ್ಕೆಂದು ತೆಗೆದುಕೊಳ್ಳುವ ‘ಮದ್ದು’ ಬೇರೆಯೇ ಇದೆ. ಅದು ಬಾಟಲಿಯಲ್ಲಿ ಬರುತ್ತದೆ, ನಿದ್ರೆಯನ್ನು ಕೆಡಿಸುತ್ತದೆ, ಮರುದಿನದ ಬೇಸರವನ್ನು ಇಮ್ಮಡಿಗೊಳಿಸುತ್ತದೆ. ಈ ಬಗ್ಗೆ ಪ್ರಬೋಧನೆಯಲ್ಲಿ ಸಾಕಷ್ಟು ಹೇಳಿದ್ದೇನೆ.

ಹಾಗಾದರೆ ಮಾಡಬೇಕಾದುದೇನು? ಬೇಸರ, ನಿರಾಸಕ್ತಿ, ನಿದ್ರಾಹೀನತೆಗಳು ಎರಡು ವಾರ ಮೀರಿದರೆ ಹಿತ್ತಿಲ ಮದ್ದನ್ನೇ ನೆಚ್ಚಿ ಕೂರಬೇಡಿರಿ. ಮೊದಲು ರಕ್ತಪರೀಕ್ಷೆಯಾಗಲಿ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಅಭಾವಗಳೂ ಇದೇ ಲಕ್ಷಣಗಳನ್ನು ತೋರಿಸುತ್ತವೆ. ಅವಕ್ಕೆ ಚಿಕಿತ್ಸೆ ಸುಲಭ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ದಿನವನ್ನು ಅಲ್ಲಿಯೇ ವಿಚಾರಿಸಬಹುದು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿ ಸಂಖ್ಯೆ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಸಾಯುವ ಮಾತು ಬಂದರಂತೂ ಎರಡು ವಾರ ಕಾಯಬೇಕಾಗಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಕೊಟ್ಟ ಮಾತ್ರೆ ಕೆಲಸ ಮಾಡಲು ಕೆಲವು ವಾರಗಳು ಬೇಕು. ಹಿತವೆನಿಸಿತೆಂದು ತಾವಾಗಿಯೇ ನಿಲ್ಲಿಸಬಾರದು. ಸೇವಿಸುತ್ತಿರುವ ಪುಡಿ, ಕಷಾಯಗಳ ಹೆಸರನ್ನು ವೈದ್ಯರಿಂದ ಮುಚ್ಚಿಡಬೇಡಿರಿ.

ಆ ಹುಡುಗ ಚಿಕಿತ್ಸೆ ಪಡೆದು, ವೈದ್ಯರ ಒಪ್ಪಿಗೆಯ ಮೇಲೆ ಮಾತ್ರೆ ಬಿಟ್ಟು, ಮರಳಿ ಹಡಗಿಗೆ ಹೋದ. ಮದುವೆಯೂ ಆಯಿತು, ಹುಡುಗಿಯ ಮನೆಯವರಿಗೆ ಅವನೇ ಎಲ್ಲವನ್ನೂ ಹೇಳಿದ್ದನಂತೆ. ಅವನ ತಾಯಿ ಕಳೆದ ಮಳೆಗಾಲದಲ್ಲಿ ನನ್ನನ್ನು ನೋಡಲು ಬಂದಾಗ ಒಂದೆಲಗದ ತಂಬುಳಿ ತಂದಿದ್ದರು. ಇಬ್ಬರೂ ಅನ್ನದೊಡನೆ ಕಲಸಿ ಉಂಡೆವು.